ಮಂಗಳಗೌರಿ ಸೂಜಿ ಬಿಟ್ಟದ್ದು

ಗುಬ್ಬಿಯ ಮಂಗಳಗೌರಿಗೆ ಹದಿನಾಲ್ಕು ತುಂಬಿದ್ದರೂ ಎತ್ತರ ಆರು ವರ್ಷದ ಮಗುವಿನಷ್ಟೇ ಇತ್ತು. ವರ್ಷವಿಡೀ ಬೆಳವಣಿಗೆಯ ಹಾರ್ಮೋನು ಚುಚ್ಚಿಸಿಕೊಂಡರೂ ಬೆಳೆಯಲಿಲ್ಲ. ತುಮಕೂರಿನ ಹೊಸ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, "ಹಾರ್ಮೋನು ಇವಳ ರಕ್ತದಲ್ಲೇ ಬೇಕಾದಷ್ಟಿದೆ. ಅದರ ಸಂದೇಶ ತಗೊಳ್ಳೋ ರಿಸೆಪ್ಟರು ಜೀವಕೋಶಗಳಲ್ಲಿ ಹುಟ್ಟಿನಿಂದ್ಲೇ ಸರಿಯಿಲ್ಲ," ಎಂದರು.

"ಹಂಗಾರೆ ಡೋಸ್ ಜಾಸ್ತಿ ಮಾಡಿ ಸಾರ್," ಎಂದ ಅಪ್ಪ ಗಂಗರಾಜು.

"ಬ್ಯಾಡ ಬುಡಪ್ಪಾ," ಎಂದಳು ಮಗಳು. "ಕೇಳ್ದೇ ಇರೋ ಕೋಶಕ್ಕೆ ಎಷ್ಟು ಕೂಗಿದ್ರೇನು? ಸೂಜಿ ಸಾಕು. ನಾನು ಓದ್ತೀನಿ."

ಪಿಯುಸಿ ಮುಗಿಸಿ 2007ರಲ್ಲಿ ಅವಳು ತುಮಕೂರಿನಲ್ಲಿ ಬಿ.ಎಸ್ಸಿ. ಸೇರಿದಳು. ಮೊದಲ ಪ್ರಾಕ್ಟಿಕಲ್ಲಿನಲ್ಲಿ ಮೇಷ್ಟ್ರು, "ನೀನು ಸುಮ್ನೆ ಕೂತು ನೋಡಮ್ಮ," ಎಂದರು. ಅವಳು ಸ್ಟೂಲು ಎಳೆದು ಹತ್ತಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಈರುಳ್ಳಿ ಸಿಪ್ಪೆಯ ಕೋಶಗಳು ಒತ್ತೊತ್ತಾಗಿ ಕಂಡವು.

"ಮುಂದಿನ ಸ್ಲೈಡ್ ನಾನೇ ಮಾಡ್ತೀನಿ ಸಾರ್."

ಮೇಷ್ಟ್ರು ಸಿಪ್ಪೆ ಕೊಯ್ಯುವ ಬ್ಲೇಡು ಅವಳ ಕೈಗೆ ಕೊಟ್ಟರು.