ಮೇಷ್ಟ್ರು ಕತ್ತರಿಸಿ ಎಸೆದ ಮೌನ

ವಿಜ್ಞಾನದ ಮೇಷ್ಟ್ರಿಗೆ ಮಕ್ಕಳು ಇಟ್ಟ ಹೆಸರು ಗುಡುಗು ಮೇಷ್ಟ್ರು. ಅವರು ಪಾಠ ಶುರು ಮಾಡಿದರೆ ಪಕ್ಕದ ಕಟ್ಟಡದವರೂ ಪುಕ್ಕಟೆಯಾಗಿ ಪಾಸಾಗುತ್ತಾರೆ ಎಂಬ ತಮಾಷೆ ಶಾಲೆಯಲ್ಲಿತ್ತು. ಬಾಯಿ ಇದ್ದವನು ಬರಗಾಲದಲ್ಲೂ ಬದುಕುತ್ತಾನೆ ಅನ್ನುತ್ತಾರಲ್ಲ, ಹಾಳು ವಿಧಿಯ ಕಣ್ಣು ಆ ಬಾಯಿಯ ಮೇಲೇ ಬಿತ್ತು. ಗಂಟಲಿನ ಆಪರೇಷನ್ ಆದಮೇಲೆ ಅವರಿಂದ ಬರೀ ಉಸಿರು ಹೊರಡುತ್ತಿತ್ತು.

ಉಳಿದದ್ದು ವಿಡಿಯೋಗಳು. ಶಾಲೆ ಮುಚ್ಚಿದ್ದ ಕಾಲದಲ್ಲಿ ಮನೆಯ ಬಾಗಿಲಿಗೆ ಬೆಡ್‌ಶೀಟ್ ಕಟ್ಟಿ, ಇಡೀ ವರ್ಷದ ಪಾಠವನ್ನು ಅವರು ಫೋನಿನಲ್ಲಿ ಹಿಡಿದಿಟ್ಟಿದ್ದರು. ಈಗ ಅವೇ ತರಗತಿಯ ಗೋಡೆಯ ಮೇಲೆ ಓಡುತ್ತಿದ್ದವು. ಗೋಡೆಯ ಮೇಲಿನ ಮೇಷ್ಟ್ರು ಗುಡುಗುತ್ತಿದ್ದರು, ಕೆಳಗಿನ ಮೇಷ್ಟ್ರು ರಿಮೋಟ್ ಹಿಡಿದು ನಿಂತಿರುತ್ತಿದ್ದರು.

ಆನ್‌ಲೈನ್ ಪಾಠದಿಂದ ನಾವೇನು ಕಲಿತೆವು ಎಂದು ಮಾತಾಡಲು ಶಿಕ್ಷಕರೆಲ್ಲ ಸೇರಿದರು.

"ಗುಂಪಲ್ಲಿ ಕಲೀರಿ ಅಂದ್ರೆ ಒಬ್ಳು ಬರೀತಾಳೆ, ಮಿಕ್ಕೋರು ಹೆಸರು ಹಾಕ್ತಾರೆ. ಅಷ್ಟೇ ಕಲ್ತಿದ್ದು," ಅಂದರು ಗಣಿತದ ಮೇಡಂ. ಎಲ್ಲರೂ ನಕ್ಕರು. ಹೆಡ್‌ಮಿಸ್ ಮಾತ್ರ ವಿಜ್ಞಾನದ ವಿಡಿಯೋಗಳನ್ನು ಹೊಗಳಿದ್ದೇ ಹೊಗಳಿದ್ದು. ಆಮೇಲೆ ದನಿ ತಗ್ಗಿಸಿದರು.

"ಬೇಜಾರು ಮಾಡ್ಕೋಬೇಡಿ ಸರ್. ವಿಡಿಯೋ ಹಾಕೋಕೆ ಯಾರಾದ್ರೂ ಸಾಕಲ್ವಾ? ನೀವು ಲೈಬ್ರರಿ ನೋಡ್ಕೊಳ್ಳಿ, ಆರಾಮಾಗಿರುತ್ತೆ."

ಮೇಷ್ಟ್ರು ಒಪ್ಪಲಿಲ್ಲ. ತರಗತಿ ಹೋದರೆ ತಮ್ಮಲ್ಲಿ ಇನ್ನೇನು ಉಳಿಯಿತು? ಸ್ಲೇಟು ಎತ್ತಿಕೊಂಡು ಬರೆದರು: 'ವಿಡಿಯೋ ಹೇಳುತ್ತೆ. ಉತ್ತರ ಕೇಳೋಕೆ ನಾನು ಬೇಕು. ನಾಳೆ ಬಂದು ನೋಡಿ.'

ಗುಡುಗೆಂಬುದು ಬರೀ ಹೆಸರಿಗೆ. ಪ್ರಶ್ನೆ ಹಾಕಿ ತೆಪ್ಪಗೆ ನಿಲ್ಲುವುದೇ ಅವರ ನಿಜವಾದ ವಿದ್ಯೆ. ಎಂಥ ಮೂಕಬಸವನೂ ಆ ಮೌನದ ಕಾಟ ತಾಳಲಾರದೆ ಬಾಯಿ ಬಿಡುತ್ತಿದ್ದ. ಫೋನಿನ ಮುಂದೆಯೂ ಅಭ್ಯಾಸಬಲದಿಂದ ಕೇಳಿ ಕೇಳಿ ಕಾದಿದ್ದರು. ಮಗಳು ನೋಡಿ ನಕ್ಕಿದ್ದಳು: "ಯಾರೂ ಇಲ್ದಿರೋ ಕಡೆ ಯಾರಿಗಪ್ಪಾ ಕಾಯ್ತೀಯ? ಕಟ್ ಮಾಡು, ಮಕ್ಕಳ ಡೇಟಾ ದಂಡ." ಹೌದೆನಿಸಿತ್ತು. ಮಗಳ ಪಕ್ಕದಲ್ಲಿ ಕೂತು, ಕಾದಿದ್ದ ಆ ಮೌನಗಳನ್ನು ಒಂದೂ ಬಿಡದೆ, ತಾವೇ ಕತ್ತರಿಸಿ ಎಸೆದಿದ್ದರು. ಅಂದಿನಿಂದ ವಿಡಿಯೋದಲ್ಲಿ ಪ್ರಶ್ನೆಯ ಬಾಲಕ್ಕೇ ಉತ್ತರ ಅಂಟಿಕೊಂಡಿತ್ತು. ಇರಲಿ, ನಾಳೆ ಪ್ರಶ್ನೆ ಮುಗಿದ ಕೂಡಲೇ ರಿಮೋಟ್ ಒತ್ತಿ ನಿಲ್ಲಿಸಿದರಾಯಿತು ಎಂದುಕೊಂಡರು.

ಮರುದಿನ ಹೆಡ್‌ಮಿಸ್ ಹಿಂದಿನ ಬೆಂಚಿನಲ್ಲಿ ಕೂತರು. ಮೇಷ್ಟ್ರು ಮೇಜಿನ ಮೇಲೆ ಒಂದು ಗಾಜಿನ ಲೋಟ ಇಟ್ಟು, ಐಸ್ ತುಂಡು ಹಾಕಿ, ಅಂಚಿನವರೆಗೆ ನೀರು ತುಂಬಿದರು. ಗೋಡೆ ಗುಡುಗಿತು: "ಈ ಐಸ್ ಕರಗಿದ್ರೆ ನೀರು ಚೆಲ್ಲುತ್ತಾ?"

ಮೇಷ್ಟ್ರು ರಿಮೋಟ್ ಒತ್ತಿದರು. ಗೋಡೆಯ ಮೇಲಿನ ಬಾಯಿ ಅರ್ಧಕ್ಕೇ ತೆರೆದು ನಿಂತಿತು. ಮೇಷ್ಟ್ರು ಹುಬ್ಬೇರಿಸಿ ಮಕ್ಕಳತ್ತ ತಿರುಗಿ, ಹಿಂದಿನ ಹಾಗೇ ಕಾದರು. ಮಕ್ಕಳು ಪೆನ್ನು ಹಿಡಿದು ಗೋಡೆಯನ್ನೇ ನೋಡುತ್ತಿದ್ದರು. ಯಾರೋ ಆಕಳಿಸಿದರು. ಮೇಷ್ಟ್ರು ಲೋಟದತ್ತ ಬೆರಳು ತೋರಿಸಿದರು, ಮತ್ತೆ ಕಾದರು.

ಕಡೆಗೆ, ಎಂದೂ ತುಟಿ ಬಿಚ್ಚದ ಹುಡುಗಿಯೊಬ್ಬಳು ಕೈ ಎತ್ತಿದಳು. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ನೋಡಿದಿರಾ ಎಂಬಂತೆ ಹೆಡ್‌ಮಿಸ್ ಕಡೆ ಕಣ್ಣು ಹಾಯಿಸಿ, ಹೇಳಮ್ಮಾ ಎಂದು ತಲೆ ಆಡಿಸಿದರು.

"ಸರ್," ಅಂದಳು ಹುಡುಗಿ, ಪಾಪ, ಅವರಿಗೆ ನೋವಾಗಬಾರದು ಎಂಬಷ್ಟು ಮೆತ್ತಗೆ, "ವಿಡಿಯೋ ನಿಂತೋಗಿದೆ."

ಮೇಷ್ಟ್ರು ಮತ್ತೆ ಒತ್ತಿದರು. "ಚೆಲ್ಲಲ್ಲ!" ಎಂದು ಗೋಡೆ ಗುಡುಗಿತು, ಪೆನ್ನುಗಳೆಲ್ಲ ಓಡಿದವು. ಲೋಟದ ಕಡೆ ಒಬ್ಬರೂ ನೋಡಲಿಲ್ಲ. ಹೆಡ್‌ಮಿಸ್ ತಲೆ ತಗ್ಗಿಸಿದರು.

ಮೇಷ್ಟ್ರು ರಿಮೋಟನ್ನು ಲೋಟದ ಪಕ್ಕ ಇಟ್ಟರು. ಹಿಂದಿನ ಬೆಂಚಿನ ತನಕ ನಡೆದುಹೋಗಿ, ಲೈಬ್ರರಿಯ ಬೀಗದ ಕೈ ಕೊಡಿ ಎಂಬಂತೆ ಹೆಡ್‌ಮಿಸ್ ಮುಂದೆ ಕೈ ಚಾಚಿದರು.