ಬೈರಿಗೆ ಒರೆಸಿದ ಕರವಸ್ತ್ರ

"ಇದೇನ್ರೀ, ಜೇಬಲ್ಲಿ ಹಿಟ್ಟಿನ ಗಿರಣಿ ಇಟ್ಕೊಂಡಿದ್ದೀರಾ?"

ಹೆಂಡತಿ ಅವನ ಕರವಸ್ತ್ರ ಕೊಡವಿದಳು. ತಿಂಡಿ ತಟ್ಟೆಯ ಮೇಲೆಲ್ಲ ಕಂದು ಹುಡಿ ಉದುರಿತು.

"ಮರದ ಪುಡಿ."

"ಒಗೆಯೋಕೆ ಹಾಕಿ ಎಷ್ಟು ದಿನ ಆಯ್ತು?"

ಅವನು ನೆನಪು ಮಾಡಿಕೊಂಡ. ದಿನ ನೆನಪಾಗಲಿಲ್ಲ, ಮರಗಳು ನೆನಪಾದವು. ಹದಿನೇಳು. ಎತ್ತಿದ್ದ ತುತ್ತನ್ನು ತಟ್ಟೆಗೇ ಇಳಿಸಿದ.

ಅವನು ನಗರಸಭೆಯ ಮರದ ಡಾಕ್ಟರು. ಮರಕ್ಕೆ ಹತ್ತುವ ಬೂಷ್ಟಿನ ಮೇಲೆ ಏಳು ವರ್ಷ ಓದಿ ಹೆಸರಿಗೆ ಬಾಲ ಹಚ್ಚಿಕೊಂಡವನು. ಗ್ರಂಥಾಲಯದ ರಸ್ತೆಯ ಹದಿನೆಂಟು ಮುದಿ ಮರಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಕಾಂಡಕ್ಕೆ ಬೈರಿಗೆ ಹಾಕಿ ತೂತು ಕೊರೆಯಬೇಕು, ಹೊರಬಂದ ಪುಡಿ ಮೂಸಬೇಕು, ಪುಸ್ತಕದಲ್ಲಿ ಬರೆಯಬೇಕು. ಇನ್ನೊಂದು ಮರಕ್ಕೆ ಹೋಗುವ ಮೊದಲು ಬೈರಿಗೆಯನ್ನು ಸ್ಪಿರಿಟ್‌ನಲ್ಲಿ ಅದ್ದಬೇಕು.

ಸ್ಪಿರಿಟ್‌ಗೆ ಅರ್ಜಿ ಹಾಕಿದ್ದ. "ಮರಕ್ಕೋ, ತಮಗೋ?" ಎಂದು ಷರಾ ಬರೆದು ಕಚೇರಿಯವರು ವಾಪಸು ಕಳಿಸಿದ್ದರು. ಅವಮಾನವಾಗಿ ಮತ್ತೆ ಕೇಳಲಿಲ್ಲ. ಕರವಸ್ತ್ರದಲ್ಲಿ ಒರೆಸಿದ. ಮಗುವಿನ ಮೂಗು ಒರೆಸಿದಷ್ಟು ಅಕ್ಕರೆಯಿಂದ ಒರೆಸಿದ. ಅದೇ ಬೈರಿಗೆ, ಅದೇ ಕರವಸ್ತ್ರ, ಒಂದಾದ ಮೇಲೊಂದು ಮರ. ಅದೇ ಸಾಲಿನಲ್ಲಿ ಒಂದಾದ ಮೇಲೊಂದು ಒಣಗಿದವು. ರೋಗ ಎಷ್ಟೊಂದು ಶಿಸ್ತಿನಿಂದ ಹಬ್ಬುತ್ತಿದೆ ಎಂದು ವರದಿಯಲ್ಲಿ ಬೆರಗುಪಟ್ಟಿದ್ದ.

ಹದಿನೆಂಟನೆಯದು ಮಾತ್ರ ಹಸಿರಾಗಿತ್ತು. ಅದಕ್ಕೆ ತೂತು ಹಾಕಲು ಮನಸ್ಸು ಬಂದಿರಲಿಲ್ಲ. ಮಧ್ಯಾಹ್ನದ ಡಬ್ಬಿಯನ್ನು ಅದರ ಬುಡದಲ್ಲೇ ಬಿಚ್ಚುತ್ತಿದ್ದ. ಹೆಂಡತಿಗೆ ಹೇಳಲಾಗದ್ದನ್ನು ಅದಕ್ಕೆ ಹೇಳುತ್ತಿದ್ದ. ಪರೀಕ್ಷೆ ಮಾಡದೆಯೇ 'ಆರೋಗ್ಯವಾಗಿದೆ' ಎಂದು ಬರೆದಿದ್ದ. ಇಡೀ ನೌಕರಿಯಲ್ಲಿ ಅವನು ಉಳಿಸಿದ ಮರ ಅದೊಂದೇ. ಅದೂ ಮೈಗಳ್ಳತನದಿಂದ.

"ಮುಖ ಯಾಕೆ ಬಿಳುಚ್ಕೊಂಡಿದೆ?"

"ಏನಿಲ್ಲ."

"ನೀವು ಏನಿಲ್ಲ ಅಂದ್ರೆ ಏನೋ ಇದೆ ಅಂತಾನೇ ಅರ್ಥ. ಕೊಡಿ, ಒಗೀತೀನಿ."

"ಬೇಡ." ಕಸಿದುಕೊಂಡು ಜೇಬಿಗೆ ತುರುಕಿದ. ಬಚ್ಚಿಟ್ಟನೋ, ಕಾಪಾಡಿಕೊಂಡನೋ, ಅವನಿಗೇ ಗೊತ್ತಾಗಲಿಲ್ಲ.

ಅವನು ಹೋಗುವಷ್ಟರಲ್ಲಿ, ಉಳಿದಿರುವುದು ಇದೊಂದೇ ಎಂದು ಹದಿನೆಂಟನೆಯ ಮರದ ಸುತ್ತ ಜನ ನೆರೆದಿದ್ದರು. ನಿವೃತ್ತ ಟೀಚರಮ್ಮ ಕಾಂಡಕ್ಕೆ ಉಣ್ಣೆಯ ಮಫ್ಲರ್ ಹೆಣೆದು ಸುತ್ತಿದ್ದರು. ಕ್ಷೌರದಂಗಡಿಯವನು ತೊಗಟೆಯ ಸಂದಿಗೆ ಥರ್ಮಾಮೀಟರ್ ಸಿಕ್ಕಿಸಿ, "ಜ್ವರ ಇಲ್ಲ!" ಎಂದು ಕೂಗಿದ. ಜನ ಚಪ್ಪಾಳೆ ತಟ್ಟಿದರು.

"ಬನ್ನಿ ಡಾಕ್ಟ್ರೇ," ಮೇಲಧಿಕಾರಿ ಕರೆದ. "ಎಲ್ಲರ ಮುಂದೆ ಒಂದು ತೂತು ಹಾಕಿ, ಮರ ಗಟ್ಟಿಮುಟ್ಟಾಗಿದೆ ಅಂತ ತೋರಿಸಿಬಿಡಿ. ಪೇಪರ್‌ನೋರು ಕಾಯ್ತಿದ್ದಾರೆ."

"ಇವತ್ತು ಬೇಡ ಸಾರ್."

"ಯಾಕೆ?"

"ಅದಕ್ಕೆ... ಸುಸ್ತಾಗಿದೆ."

"ಮರಕ್ಕಾ?"

"ನೂರಿಪ್ಪತ್ತು ವರ್ಷದಿಂದ ನಿಂತೇ ಇದೆಯಲ್ಲ ಸಾರ್."

ಮೇಲಧಿಕಾರಿ ಬಾಯಿ ತೆರೆದ. ಅಷ್ಟರಲ್ಲಿ ಟೀಚರಮ್ಮನ ಕಣ್ಣು ತುಂಬಿತ್ತು. "ಪಾಪ, ಹೌದಲ್ವೇನಪ್ಪಾ! ಒಂದು ದಿನಾನೂ ಕೂತಿಲ್ಲ ಅದು."

ಈಗ ಹೇಳಿಬಿಡಬಹುದಿತ್ತು. ರೋಗ ಹಂಚಿದವನು ನಾನೇ. ಮೂರೇ ಮೂರು ಮಾತು. ಏಳು ವರ್ಷದ ಓದು ಅಡ್ಡ ಬಂತು.

"ಮರಕ್ಕೆ ವಿಶ್ರಾಂತಿ ಬೇಕು," ಎಂದ. "ಯಾರೂ ಮುಟ್ಟಬಾರದು. ಮಾತೂ ಆಡಬಾರದು. ಎಲ್ಲರೂ ಹತ್ತು ಹೆಜ್ಜೆ ಹಿಂದಕ್ಕೆ."

ಜನ ತುದಿಗಾಲಲ್ಲಿ ಹಿಂದೆ ಸರಿದರು. ಮೇಲಧಿಕಾರಿಯೂ ಬೂಟು ಸದ್ದಾಗದಂತೆ ಸರಿದ. ಕ್ಷೌರದಂಗಡಿಯವನು ಬಂದ ಸೀನನ್ನು ನುಂಗಿಕೊಂಡ. ನಿಜ ಹೇಳಿದ್ದರೆ ಇಷ್ಟು ಮರ್ಯಾದೆ ಖಂಡಿತ ಸಿಗುತ್ತಿರಲಿಲ್ಲ.

ಆಗ ಕೇಳಿಸಿತು. ಟಕ್ ಟಕ್ ಟಕ್.

ಹದಿನೇಳನೆಯ ಮರದ ಒಣ ಕೊಂಬೆಯಲ್ಲಿ ಮರಕುಟಿಗವೊಂದು ಕುಟ್ಟುತ್ತಿತ್ತು. ಕೆಲಸ ಮುಗಿಸಿ, ಕೊಕ್ಕು ಒಮ್ಮೆ ಉಜ್ಜಿಕೊಂಡು, ನೇರ ಹದಿನೆಂಟನೆಯದಕ್ಕೆ ಹಾರಿ ಬಂದು ಕಾಂಡಕ್ಕೆ ಅಂಟಿಕೊಂಡಿತು. ಅದಕ್ಕೂ ಯಾರೂ ಸ್ಪಿರಿಟ್ ಕೊಟ್ಟಿರಲಿಲ್ಲ.

"ಉಶ್!" ಅವನು ಪಿಸುಗುಟ್ಟಿದ. ಹಕ್ಕಿ ಕತ್ತು ಹೊರಳಿಸಿ, ಒಂದೇ ಇಲಾಖೆಯವರು ನೋಡಿದ ಹಾಗೆ ನೋಡಿತು. ಟಕ್ ಟಕ್.

ಕೂಗುವಂತಿಲ್ಲ, ಮಾತಾಡಬೇಡಿ ಎಂದವನೇ ಅವನು. ಕಲ್ಲು ಬೀರಿದರೆ ಮರಕ್ಕೆ ಪೆಟ್ಟು. ಗಡಬಡಿಸಿ ಜೇಬಿಗೆ ಕೈ ಹಾಕಿದ. ಕೈಗೆ ಬಂದದ್ದನ್ನು ಎಳೆದು, ತಲೆಯ ಮೇಲೆ ಎತ್ತಿ, ಬೀಸಿದ. ಜೋರಾಗಿ ಬೀಸಿದ. ಕಂದು ಹುಡಿ ಎದ್ದು, ಬಿಸಿಲಲ್ಲಿ ಮಿನುಗುತ್ತ, ಮರದ ಕಡೆ ತೇಲಿತು.

"ಅಯ್ಯೋ," ಹಿಂದಿನಿಂದ ಟೀಚರಮ್ಮನ ಪಿಸುಮಾತು, "ಡಾಕ್ಟ್ರು ಮರಕ್ಕೆ ಟಾಟಾ ಮಾಡ್ತಿದ್ದಾರೆ. ಆಸೆ ಬಿಟ್ರು ಅಂತ ಕಾಣತ್ತೆ."

ಅವನು ತಿರುಗಿ ನೋಡಿದ. ಟೀಚರಮ್ಮ ಕರವಸ್ತ್ರ ಬೀಸುತ್ತಿದ್ದರು. ಮೇಲಧಿಕಾರಿ ಇಸ್ತ್ರಿ ಮಡಿಕೆ ಬಿಡಿಸಿ ತನ್ನದನ್ನು ಬೀಸತೊಡಗಿದ. ಕ್ಷೌರದಂಗಡಿಯವನ ಹೆಗಲ ಮೇಲಿನ ಟವೆಲ್ಲೂ ಮೇಲೆದ್ದಿತು. ಇಡೀ ರಸ್ತೆ, ರೈಲು ಹೊರಟಿತೆಂಬಂತೆ, ಸದ್ದಿಲ್ಲದೆ ಮರಕ್ಕೆ ಬೀಳ್ಕೊಡುಗೆ ಕೊಡುತ್ತಿತ್ತು.

ನಿಲ್ಲಿಸಿದರೆ ಹಕ್ಕಿ ಕುಟ್ಟುತ್ತದೆ. ಬೀಸಿದರೆ ಹುಡಿ ಹಾರುತ್ತದೆ.

ಅವನು ಬೀಸುತ್ತಲೇ ಇದ್ದ, ಹಕ್ಕಿ ಕುಟ್ಟುತ್ತಲೇ ಇತ್ತು. ಟಕ್ ಟಕ್ ಟಕ್.