ಹದಿನಾಲ್ಕನೆಯ ಪುಟ

ಜಲವಿಜ್ಞಾನ ವಿಭಾಗದ ಮುಖ್ಯಸ್ಥರಿಗೆ ನಮ್ಮ ಕಚೇರಿಯಲ್ಲಿಟ್ಟ ಹೆಸರು ಕತ್ತರಿ. ಹಳೆಯ ಅರ್ಜಿಯಿಂದ ಕತ್ತರಿಸಿ ಹೊಸದಕ್ಕೆ ಅಂಟಿಸುವುದೇ ಅವರ ಸಂಶೋಧನೆ. ನಾನು ವಿಶ್ವವಿದ್ಯಾಲಯದ ಪ್ರಾಜೆಕ್ಟ್ ವಿಭಾಗದ ಗುಮಾಸ್ತೆ. ಪ್ರಾಧ್ಯಾಪಕರು ಅನುದಾನ ಕೇಳಿ ಬರೆದ ಪ್ರಸ್ತಾವನೆಗಳನ್ನು ಓದಿ, ತಪ್ಪು ತಿದ್ದಿ, ಕೊನೆಯ ದಿನದೊಳಗೆ ಅನುದಾನ ಮಂಡಳಿಗೆ ಕಳಿಸುವುದು ನನ್ನ ಕೆಲಸ. ಹನ್ನೊಂದು ವರ್ಷದಲ್ಲಿ ಕತ್ತರಿಯ ಮಾನವನ್ನು ಎಷ್ಟು ಸಲ ಉಳಿಸಿದ್ದೇನೋ ನನಗೇ ನೆನಪಿಲ್ಲ. ಒಮ್ಮೆ ಅವರ ಮೀನಿನ ಯೋಜನೆಯ ನಡುವೆ ಜೇನುನೊಣ ಹಾರಾಡುತ್ತಿತ್ತು. ಸದ್ದಿಲ್ಲದೆ ಓಡಿಸಿದೆ. ಒಂದು ಒಳ್ಳೆಯ ಮಾತೂ ಬರಲಿಲ್ಲ.

ಈ ಮಹಾನುಭಾವರ ಕೈಕೆಳಗೇ ನನ್ನ ತಂಗಿ ಪಿಎಚ್‌ಡಿ ಮುಗಿಸಿ ತಾತ್ಕಾಲಿಕ ಹುದ್ದೆಯಲ್ಲಿದ್ದಳು. ಅದು ಮುಗಿಯಲು ನಾಲ್ಕೇ ತಿಂಗಳಿತ್ತು. ಸ್ವಂತ ಯೋಜನೆ ಸಿಕ್ಕರೆ ಸರಿ, ಇಲ್ಲದಿದ್ದರೆ ಮನೆಯೇ ಗತಿ. ಐದು ತಿಂಗಳ ಬಸುರಿ, ಸೊಂಟ ಹಿಡಿದುಕೊಂಡು ಕೂತು ಬರೆದಳು: ಕೆರೆಯ ಕೆಸರನ್ನು ಪದರಪದರವಾಗಿ ತೆಗೆದು, ನೀರು ಯಾವ ಕಾಲದಲ್ಲಿ ಕೆಟ್ಟಿತೆಂದು ಪತ್ತೆಹಚ್ಚುವ ಯೋಜನೆ. ಒಪ್ಪಿಗೆಯ ಸಹಿ ಕೇಳಿದಾಗ ಕತ್ತರಿ ಫೈಲನ್ನು ತಮ್ಮ ಪೆನ್‌ಡ್ರೈವಿಗೆ ಹಾಕಿಸಿಕೊಂಡು, "ಈ ವರ್ಷ ಬೇಡಮ್ಮ, ಮೊದ್ಲು ಹೆರಿಗೆ ಮುಗಿಸ್ಕೋ. ಪ್ರಾಜೆಕ್ಟು ಎಲ್ಲಿಗೂ ಓಡಿಹೋಗಲ್ಲ" ಎಂದರಂತೆ.

ಓಡಿಹೋಗಿತ್ತು. ಕೊನೆಯ ದಿನ ಮಧ್ಯಾಹ್ನ ಕತ್ತರಿ ಪೆನ್‌ಡ್ರೈವ್ ಹಿಡಿದು ನನ್ನ ಮೇಜಿಗೇ ಬಂದರು. ತೆರೆದು ನೋಡಿದರೆ ಅದೇ ಕೆರೆ, ಅದೇ ಕೆಸರು. ತಂಗಿಯ ಹೆಸರಿದ್ದಲ್ಲೆಲ್ಲ ಅವರ ಹೆಸರು. ನಾವು ಅಕ್ಕತಂಗಿಯರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗುಮಾಸ್ತೆ ಏನು ಮಾಡಿಯಾಳು ಎಂಬ ಧೈರ್ಯ! ನನಗೆ ಮೈಯೆಲ್ಲ ಉರಿದುಹೋಯಿತು.

ಹದಿನಾಲ್ಕನೆಯ ಪುಟದಲ್ಲಿ ಕೆಲಸದ ವೇಳಾಪಟ್ಟಿ. ಅದರ ಕೆಳಗೆ ತಂಗಿಯ ವಾಕ್ಯವೊಂದು ಹಾಗೆಯೇ ಕೂತಿತ್ತು: "ಎರಡನೆಯ ತಿಂಗಳಿನಿಂದ ಏಳನೆಯ ತಿಂಗಳವರೆಗೆ ನಾನು ಹೆರಿಗೆ ರಜೆಯಲ್ಲಿರುವುದರಿಂದ, ಕೆಸರಿನ ಮಾದರಿಗಳನ್ನು ಸಹಾಯಕರು ಸಂಗ್ರಹಿಸುತ್ತಾರೆ."

ಅಭ್ಯಾಸಬಲದಿಂದ ಬೆರಳು ಅಳಿಸಲು ಹೋಯಿತು. ಹಿಂದಕ್ಕೆಳೆದುಕೊಂಡೆ.

"ಸರ್, ಪೂರ್ತಿ ಒಂದ್ಸಲ ಓದಿದೀರಾ?"

"ನಂಗೇ ಪಾಠ ಹೇಳ್ತೀಯಾ? ನಾನೇ ಬರೆದಿದ್ದು. ಸುಮ್ನೆ ಕಳಿಸು."

"ಹಾಗಾದ್ರೆ, ಕೊನೇಲಿ 'ಇದು ನನ್ನ ಸ್ವಂತ ಬರಹ' ಅಂತಿದೆಯಲ್ಲ, ಅಲ್ಲೊಂದು ಸಹಿ ಹಾಕಿ."

ಉದ್ದ ಬಾಲ ಎಳೆದು ಸಹಿ ಹಾಕಿದರು. ಒಂದಕ್ಷರ ಮುಟ್ಟದೆ ಕಳಿಸಿದೆ.

ವಿಷಯ ತಿಳಿದು ತಂಗಿ ಬಿಕ್ಕಿಬಿಕ್ಕಿ ಅತ್ತಳು. "ಅಕ್ಕಾ, ಈಗ್ಲೇ ದೂರು ಕೊಡೋಣ."

"ಕೊಟ್ರೆ, 'ನಾನೇ ಅವಳಿಗೆ ಹೇಳ್ಕೊಟ್ಟು ಬರೆಸಿದ್ದು' ಅಂತಾರೆ. ತಡ್ಕೋ. ಅವರನ್ನ ಎಲ್ಲಿ ನಿಲ್ಲಿಸ್ಬೇಕೋ ಅಲ್ಲಿ ನಿಲ್ಲಿಸ್ತೀನಿ."

ಎರಡು ತಿಂಗಳು ಹಲ್ಲು ಕಚ್ಚಿಕೊಂಡು ಕಾದೆ. ಎದುರಿಗೆ ಸಿಕ್ಕಾಗಲೆಲ್ಲ ನಗುತ್ತಾ ನಮಸ್ಕಾರ ಹೇಳಿದೆ. ಆ ನಗು ಮಾತ್ರ ಸುಳ್ಳಲ್ಲ.

ಮಂಡಳಿಯ ಸಂದರ್ಶನ ಕಂಪ್ಯೂಟರಿನಲ್ಲೇ ನಡೆಯಿತು. ಪುಟ ತಿರುಗಿಸಲು ನಾನು ಕತ್ತರಿಯ ಪಕ್ಕದಲ್ಲಿ ನಿಂತಿದ್ದೆ. ತಂಗಿಯನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದ್ದೆ. ಪರದೆಯಲ್ಲಿದ್ದ ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡರು.

"ಪ್ರೊಫೆಸರ್, ನಿಮ್ಮ ಹೆರಿಗೆ ಯಾವಾಗ?"

ತಮಾಷೆಯೆಂದುಕೊಂಡು ಕತ್ತರಿ ನಕ್ಕರು. ನಾನು ಹದಿನಾಲ್ಕನೆಯ ಪುಟ ತೆರೆದೆ. ಅಕ್ಷರ ದೊಡ್ಡದು ಮಾಡಿದೆ. ಸಾಲದೆಂದು ಇನ್ನಷ್ಟು ದೊಡ್ಡದು ಮಾಡಿದೆ. ಅವರ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು.

"ನೀನಿದನ್ನ ನೋಡ್ಲಿಲ್ವಾ?" ಎಂದು ನನ್ನತ್ತ ತಿರುಗಿ ಹಲ್ಲು ಕಡಿದರು.

"ನೋಡ್ದೆ ಸರ್. ಮೂರು ಸಲ ನೋಡ್ದೆ." ಮೈಕು ಆನ್ ಇತ್ತು. ಆನ್ ಮಾಡಿದವಳೂ ನಾನೇ.

"ಇದನ್ನ ನಿಜವಾಗಿ ಬರೆದವರು ಯಾರು?" ಅಧ್ಯಕ್ಷೆ ಕೇಳಿದರು. "ನಾವು ಅವರ ಹತ್ರ ಮಾತಾಡ್ಬೇಕು. ಈಗ್ಲೇ."

ಹೋಗಿ ಬಾಗಿಲು ತೆರೆದೆ. ಏಳು ತಿಂಗಳ ಹೊಟ್ಟೆ ಹೊತ್ತು ತಂಗಿ ಒಳಗೆ ಬಂದಳು. ಕ್ಯಾಮೆರಾದ ಮುಂದೆ ಇದ್ದದ್ದು ಒಂದೇ ಕುರ್ಚಿ.

"ಏಳಿ ಸರ್," ಎಂದೆ. "ಬಸುರಿ ಹೆಂಗಸು, ಎಷ್ಟು ಹೊತ್ತು ಅಂತ ನಿಲ್ತಾಳೆ?"